ನಾಕ ದಿನದ ಉಡಚಪ್ಪ

ನಮ್ಮ ಮಾಳಮಡ್ಡಿಯ ಹಳೇ ಮನೆಗಳಿಗೆಲ್ಲ ಗೌಂಡಿ ಉಡಚಪ್ಪನೇ ಗತಿ. ಎಂಥ ಕೆಲಸವೇ ಇರಲಿ, ಗೋಡೆಯನ್ನು ಬೆರಳಿಂದ ಟಕಟಕ ಬಡಿದು, ಕಿವಿಗೊಟ್ಟು ಕೇಳಿ, “ನಾಕ ದಿನದ ಕೆಲಸ ನೋಡ್ರಿ” ಎನ್ನುತ್ತಾನೆ. ಒಲೆ ಕಟ್ಟಿದರೂ ನಾಕ ದಿನ, ಹಳೇ ಮಾಳಿಗೆ ಬಿಚ್ಚಿ ಇಳಿಸಿದರೂ ನಾಕ ದಿನ. ಯುಗಾದಿಗೆ ನಮ್ಮ ಬಚ್ಚಲು ಒಡೆದವನು ದೀಪಾವಳಿಗೂ ಮುಗಿಸಲಿಲ್ಲ. ಹಬ್ಬದ ಎಣ್ಣೆಸ್ನಾನಕ್ಕೆ ಪಕ್ಕದ ಮನೆಗೆ ಹೋದೆವು. ಬೈದರೆ, “ಮಣ್ಣಿನ ಗ್ವಾಡಿ ಒಳಗ ಏನೈತಿ ಅಂತ ಒಡದ ಮ್ಯಾಲೇ ತಿಳಿತೈತ್ರಿ ಅಕ್ಕಾರ” ಎಂದು ಚಹಾ ಕೇಳುತ್ತಾನೆ. ಹೋದ ತಿಂಗಳು ಅವನ ಹೆಂಡತಿ ದವಾಖಾನೆ ಸೇರಿದಾಗ ನೋಡಲು ಹೋಗಿದ್ದೆ. ಯಾವಾಗ ಗುಣವಾಗುತ್ತದೆಂದು ಈಗಲೇ ಹೇಳಲಿಕ್ಕಾಗದು ಎಂದರು ಡಾಕ್ಟರು. ಉಡಚಪ್ಪ ಅವರ ಕೈ ಹಿಡಿದುಕೊಂಡ. “ನಾಕ ದಿನ ಅಂದ್ಬಿಡ್ರಿ ಸಾಹೇಬ್ರ. ತಡಾ ಆದ್ರ ನಾ ಏನೂ ಅನ್ನಂಗಿಲ್ಲ.”