ಜೋಡಿಗುಂಡಿನ ಮೇಲೆ ನಿಂತಿದ್ದ ಇಬ್ಬರು

ಇದನ್ನು ನಂಬಿರೆಂದು ನಾನು ಯಾರನ್ನೂ ಬೇಡುವುದಿಲ್ಲ. ದೇವರ ಕೋಣೆಯ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ, ಅಲ್ಲಿ ಕುಳಿತು ಸುಳ್ಳು ಬರೆಯುವ ಧೈರ್ಯ ನನಗಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಬಣ್ಣ ಕಟ್ಟಿ ಹೇಳಲು ನನಗೆ ಬರುವುದೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಹೊಸದುರ್ಗ ತಾಲ್ಲೂಕಿನಲ್ಲಿ, ವೇದಾವತಿ ಹೊಳೆಯ ದಂಡೆಯ ಒಂದು ಸಣ್ಣ ಊರಿನಲ್ಲಿದ್ದೆವು. ನಮ್ಮನೆಯವರು ಹಿರಿಯೂರಿಗೆ ಹೋಗಿ ಬರುವ ಖಾಸಗಿ ಬಸ್ಸಿನ ಡ್ರೈವರ್. ಮಗಳಿಗೆ ಇನ್ನೂ ಮೂರು ವರ್ಷ. ಸೋರದ ಸೂರು, ಹಿತ್ತಲಲ್ಲಿ ಬೇಸಿಗೆಗೂ ಬತ್ತದ ಸೇದುವ ಬಾವಿ, ಎದುರಾಡದ ಗಂಡ... ಇಷ್ಟು ಕೊಟ್ಟ ಮಾರವ್ವ ತಾಯಿಗೆ ದಿನಾ ಕೈ ಮುಗಿದು ಇರುತ್ತಿದ್ದೆ.

ನಮ್ಮನೆಯವರಿಗೆ ಇದ್ದದ್ದು ಒಂದೇ ಹುಚ್ಚು. ಮೀನು ಹಿಡಿಯುವುದು. ಅದೂ ಎಲ್ಲರ ಹಾಗೆ ಎರೆಹುಳ ಸಿಕ್ಕಿಸಿ, ದಂಡೆಯ ಮೇಲೆ ಬೀಡಿ ಸೇದುತ್ತ ಕೂರುವುದಲ್ಲ. ಮದುವೆಗೆ ಮುಂಚೆ ಅವರು ನೀಲಗಿರಿ ಕಡೆ ಒಬ್ಬ ಟೀ ತೋಟದ ಸಾಹುಕಾರರ ಜೀಪು ಓಡಿಸುತ್ತಿದ್ದರು. ಆ ಸಾಹುಕಾರರು ಬೆಟ್ಟದ ತಣ್ಣನೆಯ ತೊರೆಗೆ ಇಳಿದು ನಿಂತು ಟ್ರೌಟ್ ಎಂಬ ಮೀನು ಹಿಡಿಯುತ್ತಿದ್ದರಂತೆ. ಗಾಳಕ್ಕೆ ಹುಳು ಇಲ್ಲ. ಹಕ್ಕಿಯ ಪುಕ್ಕವನ್ನು ದಾರದಲ್ಲಿ ಸುತ್ತಿ, ನೊಣದ ಹಾಗೆ ಮಾಡಿ, ಗಾಳಿಯಲ್ಲಿ ಬೀಸಿ ಬೀಸಿ ನೀರಿನ ಮೇಲೆ ಮೆಲ್ಲಗೆ ಕೂರಿಸುವುದು. ಹುಳು ಬಿತ್ತೆಂದು ಮೀನು ಹಾರಿ ಬಾಯಿ ಹಾಕಬೇಕು.

ಅದನ್ನು ಕಲಿತು ಬಂದು ನಮ್ಮ ಹೊಳೆಯಲ್ಲಿ ಶುರು ಮಾಡಿದ್ದರು. ಹುಂಜದ ಕತ್ತಿನ ಪುಕ್ಕ, ನನ್ನ ಹೊಲಿಗೆ ಡಬ್ಬಿಯ ಕೆಂಪು ದಾರ, ಸಾಹುಕಾರರು ಕೊಟ್ಟ ಉದ್ದನೆಯ ಹಳೇ ಕೋಲು. ನಮ್ಮ ಬಿಸಿಲು ಸೀಮೆಗೆ ಟ್ರೌಟ್ ಎಲ್ಲಿಂದ ಬರಬೇಕು? ಸಣ್ಣ ಗೆಂಡೆ ಮೀನು ಬೀಳುತ್ತಿತ್ತು, ಎಷ್ಟೋ ದಿನ ಅದೂ ಇಲ್ಲ. ಪಕ್ಕದ ಮನೆಯ ತಿಪ್ಪಜ್ಜಿ, "ನಿನ್ ಗಂಡ ಹೊಳೇಗೆ ಚಾಮರ ಬೀಸ್ತಾನೆ ಕಣೇ ಶಾಂತಿ. ಮೀನು ಗಾಳಿ ತಗಂಡು ಹೋಗ್ತವೆ" ಎಂದು ಛೇಡಿಸುತ್ತಿದ್ದಳು.

ಮುಂದಿನದು ಅರ್ಥವಾಗಬೇಕಾದರೆ ಇನ್ನೊಂದು ವಿಷಯ ಹೇಳಬೇಕು. ನಾನು ಅವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಮದುವೆಯಾಗಿ ಮನೆ ತುಂಬುವ ದಿನ ನಾದಿನಿಯರು ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುವುದು ಎಂದರು. ಎಲ್ಲ ಮದುವಣಗಿತ್ತಿಯರೂ ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ದಾಟಿಕೊಳ್ಳುತ್ತಾರೆ. ನಾನು ಅದನ್ನೂ ಮಾಡಲಿಲ್ಲ. ಕಾಲು ಸೋಲುವ ತನಕ ನಿಂತೆ. ಕೊನೆಗೆ ಅತ್ತೆಯೇ ಒಳಗಿನಿಂದ, ಅನ್ನ ಆರುತ್ತಿದೆ, ಅವಳನ್ನು ಬಿಡಿ ಎಂದು ಗದರಿದರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಗಂಡನ ಹೆಸರು ಕೇಳಿದರೂ ಪಕ್ಕದಲ್ಲಿದ್ದವರ ಕೈಲಿ ಹೇಳಿಸುತ್ತಿದ್ದೆ. ಅವರನ್ನು ಕರೆಯುವುದಾದರೆ "ರೀ". ಅಷ್ಟೇ.

ಆ ದಿನ ಅವರಿಗೆ ರಜೆ. ಬಿಸಿಲು ಇಳಿಯುತ್ತಲೇ ಕೋಲು ಹಿಡಿದು ಹೊಳೆಗೆ ಹೋದರು. ನಮ್ಮೂರ ಹತ್ತಿರ ಹೊಳೆಯ ನಡುವೆ ಅಕ್ಕಪಕ್ಕ ಎರಡು ಬಂಡೆಗಳಿವೆ, ಒಂದು ಹರಿವಿನ ಮೇಲ್ಗಡೆಗೆ, ಒಂದು ಕೆಳಗಡೆಗೆ. ಜೋಡಿಗುಂಡು ಎನ್ನುತ್ತಾರೆ. ಮೊಣಕಾಲು ನೀರು ದಾಟಿ ಅದರ ಮೇಲೆ ನಿಂತರೆ ಸುತ್ತಲೂ ಗಾಳ ಬೀಸಬಹುದು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಿಪ್ಪಜ್ಜಿ ಏದುಸಿರು ಬಿಡುತ್ತ ಬಂದಳು. ಸಂಜೆಯ ಬಸ್ಸಿನ ಕಂಡಕ್ಟರ್ ಸುದ್ದಿ ಹೇಳಿ ಹೋಗಿದ್ದನಂತೆ. ಮೇಲೆ ಘಟ್ಟದ ಕಡೆ ಮಧ್ಯಾಹ್ನದಿಂದ ಹುಚ್ಚು ಮಳೆ. ಅಲ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ.

"ಹೊಳೆ ಬರ್ತಾ ಐತೆ ಕಣೇ," ಎಂದಳು. "ನಿನ್ ಗಂಡ ಎಲ್ಲವ್ನೆ?"

ನಮ್ಮ ಹೊಳೆ ಹಾಗೆಯೇ. ಇಲ್ಲಿ ಒಂದು ಹನಿ ಬಿದ್ದಿರುವುದಿಲ್ಲ. ಎಲ್ಲೋ ಸುರಿದ ಮಳೆ ಕತ್ತಲಲ್ಲಿ ಸದ್ದಿಲ್ಲದೆ ಬಂದು ಸೊಂಟ ಮುಟ್ಟಿದಾಗಲೇ ಗೊತ್ತಾಗುವುದು. ಊರಿನ ಗಂಡಸರು ಸಂತೆಗೆ ಹೋದವರು ಇನ್ನೂ ವಾಪಸ್ಸಾಗಿರಲಿಲ್ಲ. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ಬಾವಿಯ ಹಗ್ಗವನ್ನು ಗಡಗಡೆಯಿಂದ ಎಳೆದುಕೊಂಡೆ. ತುದಿಯ ಬಿಂದಿಗೆ ಬಿಚ್ಚುವಷ್ಟೂ ವ್ಯವಧಾನವಿಲ್ಲ. ಹಾಗೇ ಹೊತ್ತುಕೊಂಡು ಓಡಿದೆ.

ದಾರಿಯುದ್ದಕ್ಕೂ ಬಳ್ಳಾರಿ ಜಾಲಿ. ಬರಿಗಾಲಿಗೆ ಮುಳ್ಳು ಹೊಕ್ಕರೂ ನಿಲ್ಲಲಿಲ್ಲ. ಸ್ವಲ್ಪ ದೂರ ಹೋಗುವಾಗ ವಾಸನೆ ಬಂತು. ಕೊಳೆತ ಎಲೆ, ಕೆಂಪು ಮಣ್ಣು, ಸತ್ತ ಏನೋ ಒಂದು... ಹೊಸ ನೀರಿನ ವಾಸನೆ. ದಿನಾ ಆ ಹೊತ್ತಿಗೆ ಕಿವಿ ಕಿತ್ತುಹೋಗುವಂತೆ ಕೂಗುವ ಕಪ್ಪೆಗಳು ಅಂದು ಒಂದೂ ಕೂಗುತ್ತಿರಲಿಲ್ಲ.

ಆ ಮೌನದಲ್ಲಿ ಕೇಳಿಸಿತು.

ಸುಯ್... ಸುಯ್...

ಗಾಳದ ದಾರ ಗಾಳಿ ಸೀಳುವ ಸದ್ದು. ಇದ್ದಾರೆ! ಬದುಕಿದ್ದಾರೆ! ತಾಯೀ, ಇಷ್ಟು ಸಾಕು ಎಂದುಕೊಂಡು ದಂಡೆಗೆ ಇಳಿದೆ.

ನೀರು ಆಗಲೇ ದಡ ತಿನ್ನುತ್ತಿತ್ತು. ನೊರೆ, ಕಸ, ಕಿತ್ತುಬಂದ ತೆಂಗಿನ ಗರಿ. ಬಂಡೆಯ ಮೇಲೆ ನನಗೆ ಬೆನ್ನು ಹಾಕಿ ನಮ್ಮನೆಯವರು ನಿಂತಿದ್ದರು. ಅವರ ಪಾದ ಮುಳುಗಿತ್ತು.

ಪಕ್ಕದ ಬಂಡೆಯ ಮೇಲೆ ಇನ್ನೊಬ್ಬರು ನಿಂತಿದ್ದರು.

ಮೊದಲು ನನಗೆ ಸಮಾಧಾನವೇ ಆಯಿತು. ಒಬ್ಬರಿಗೆ ಇಬ್ಬರಾದರಲ್ಲ, ಕೈ ಹಿಡಿದುಕೊಂಡು ದಾಟುತ್ತಾರೆ ಎನ್ನಿಸಿತು. ಆಮೇಲೆ ಸರಿಯಾಗಿ ನೋಡಿದೆ. ಅದೇ ನೀಲಿ ಚೌಕಳಿ ಲುಂಗಿ, ಮೇಲೆ ಕಟ್ಟಿದ ರೀತಿಯೂ ಅದೇ. ತಲೆಗೆ ಸುತ್ತಿದ ಟವೆಲ್ಲು, ಎಡಗಡೆಗೆ ಕೊಂಚ ವಾಲುವ ಭುಜ, ಕೈಯಲ್ಲಿ ಅದೇ ಉದ್ದದ ಕೋಲು. ಇಬ್ಬರೂ ಒಟ್ಟಿಗೇ ಕೋಲು ಎತ್ತಿದರು. ಒಟ್ಟಿಗೇ ಬೀಸಿದರು.

ಎರಡು ಕೋಲು... ಸದ್ದು ಮಾತ್ರ ಒಂದೇ.

"ರೀ..." ಎಂದು ಕೂಗಿದೆ. "ಹೊಳೆ ಬಂದೈತೆ. ಈಚೆಗೆ ಬರ್ರೀ."

ಇಬ್ಬರೂ ತಿರುಗಿದರು.

ಮಬ್ಬಿನಲ್ಲಿ ಮುಖ ತಿಳಿಯಲಿಲ್ಲ. ಇಬ್ಬರೂ ಒಂದೇ ಸಲ ಬಲಗೈ ಎತ್ತಿದರು. ನಾನು ನೀರಿಗೆ ಒಂದು ಕಾಲಿಟ್ಟೆ. ಸೆಳವು ಆ ಕಾಲನ್ನು ಎಳೆಯಿತು.

"ಇಳೀಬ್ಯಾಡ ಕಣೇ... ಅಲ್ಲೇ ನಿಂತ್ಕ..."

ದನಿ ಅವರದೇ. ಆದರೆ ಅದು ಈ ಬಂಡೆಯಿಂದಲೂ ಬರಲಿಲ್ಲ, ಆ ಬಂಡೆಯಿಂದಲೂ ಬರಲಿಲ್ಲ. ನಡುವಿನ ನೀರಿನಿಂದ ಬಂದ ಹಾಗಿತ್ತು.

ಹಗ್ಗದ ಒಂದು ತುದಿಯನ್ನು ದಡದ ಹೊಂಗೆ ಮರಕ್ಕೆ ಕಟ್ಟಿದೆ. ಇನ್ನೊಂದು ತುದಿಯಲ್ಲಿ ಬಿಂದಿಗೆ. ಅದನ್ನು ಎಸೆಯಬೇಕು. ಆದರೆ ಯಾರಿಗೆ? ಸೆಳವು ಹೇಗಿತ್ತೆಂದರೆ ಒಂದು ಸಲ ತಪ್ಪಿದರೆ ಹಗ್ಗ ಎಳೆದುಕೊಂಡು ಮತ್ತೆ ಎಸೆಯುವಷ್ಟರಲ್ಲಿ ಬಂಡೆಯೇ ಕಾಣುವುದಿಲ್ಲ. ಮಂಡಿಗೆ ಬಂದಿದ್ದ ನೀರು ನಾನು ನೋಡುತ್ತಿದ್ದಂತೆಯೇ ತೊಡೆಗೇರಿತು... ಇಬ್ಬರಿಗೂ. "ರೀ" ಎಂದರೆ ಇಬ್ಬರೂ ನೋಡುತ್ತಾರೆ. "ಪುಟ್ಟಿ ಅಪ್ಪಾ" ಎಂದೆ. ಆಗಲೂ ಇಬ್ಬರೂ ನೋಡಿದರು.

ಎದೆ ಬಡಿದುಕೊಂಡು ಅತ್ತೆ. ಮಾರವ್ವಾ, ನನ್ನ ತಾಳಿ, ನನ್ನ ಮಗುವಿನ ಅಪ್ಪ... ಕೇಳುವವರು ಯಾರೂ ಇರಲಿಲ್ಲ. ಊರಿನ ಕಡೆಯಿಂದ ಒಂದು ಬ್ಯಾಟರಿ ಬೆಳಕೂ ಬರಲಿಲ್ಲ.

ಉಳಿದಿದ್ದದ್ದು ಒಂದೇ ಒಂದು ದಾರಿ. ಆಯಸ್ಸು ಸವೆಯುವುದಾದರೆ ನನ್ನದು ಸವೆಯಲಿ ತಾಯೀ ಎಂದು ಕಣ್ಣು ಮುಚ್ಚಿದೆ. ಜನ್ಮದಲ್ಲಿ ಮೊದಲ ಸಲ, ಗಂಟಲು ಹರಿಯುವ ಹಾಗೆ, ಅವರ ಹೆಸರು ಹಿಡಿದು ಕೂಗಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಕಣ್ಣು ಬಿಟ್ಟೆ. ಕೆಳಗಿನ ಬಂಡೆಯವರು ನಿದ್ದೆಯಲ್ಲಿ ಏಟು ತಿಂದವರಂತೆ ಬೆಚ್ಚಿದರು. ಮೇಲಿನ ಬಂಡೆಯ ಮೇಲಿದ್ದದ್ದು ತಿರುಗಲಿಲ್ಲ. ಕೋಲು ಎತ್ತಿ ಮತ್ತೆ ಗಾಳ ಬೀಸಿತು.

ಬೆಚ್ಚಿದವರ ಕಡೆಗೆ ಬಿಂದಿಗೆ ಎಸೆದೆ. ದೇವರ ದಯೆ, ತೇಲಿಕೊಂಡು ಅವರ ಹತ್ತಿರಕ್ಕೇ ಹೋಯಿತು. ಆದರೆ ಅವರು ಹಿಡಿದುಕೊಳ್ಳಲಿಲ್ಲ! ನನ್ನ ಕಡೆ ನೋಡಲೂ ಇಲ್ಲ. ದಂಡೆಯ ಮೇಲ್ಗಡೆ, ಬಟ್ಟೆ ಒಗೆಯುವ ಚಪ್ಪಡಿ ಇರುವ ಕಡೆ ನೋಡುತ್ತ ನಿಂತರು. ಆ ಕಡೆಗೇ ಒಂದು ಕಾಲನ್ನು ನೀರಿಗೆ ಇಳಿಸಿದರು. ಅಲ್ಲಿ ಮಡು. ಆಳ ಕಂಡವರಿಲ್ಲ.

"ಅತ್ಲಾಗಲ್ಲ... ನನ್ ಕಡೆ ಬರ್ರೀ, ನನ್ ಕಡೆ..."

ಒಂದು ಗಳಿಗೆ. ನನ್ನನ್ನು ನೋಡಿದರು, ಅತ್ತ ನೋಡಿದರು. ಆಮೇಲೆ ಕೋಲು ಬಿಸಾಡಿ ಬಿಂದಿಗೆಯ ಮೇಲೆ ಬಿದ್ದರು.

ಎಳೆದೆ. ಅಂಗೈ ಸುಲಿದು ಹಗ್ಗ ಕೆಂಪಾಗುವ ತನಕ ಎಳೆದೆ. ಎರಡು ಸಲ ಮುಳುಗಿ ಎದ್ದರು. ಕೊನೆಗೆ ಅವರ ಕೈ ನನ್ನ ಕೈಗೆ ಸಿಕ್ಕಿತು. ತಣ್ಣಗಿದ್ದರೂ ನಡುಗುತ್ತಿತ್ತು. ನಡುಗುವ ಕೈ ಬದುಕಿರುವ ಕೈ ಎಂದು ಗಟ್ಟಿಯಾಗಿ ಹಿಡಿದುಕೊಂಡೆ.

ಹಿಂದೆ ತಿರುಗಿ ನೋಡಬಾರದಿತ್ತು. ನೋಡಿದೆ. ಮೇಲಿನ ಬಂಡೆಯದು ಇನ್ನೂ ನಿಂತಿತ್ತು. ನೀರು ಎದೆಗೆ ಬಂದಿತ್ತು, ಕುತ್ತಿಗೆಗೆ ಬಂತು. ಕೂಗಲಿಲ್ಲ, ಒದ್ದಾಡಲಿಲ್ಲ. ತಲೆಯೂ ಮುಳುಗಿದ ಮೇಲೆ ಕೋಲು ಮಾತ್ರ ನೀರಿನ ಮೇಲೆ ಎದ್ದು ಬೀಳುತ್ತಿತ್ತು. ನಮ್ಮ ಕೋಲು ಕೊಚ್ಚಿಹೋಗಿತ್ತು... ಆದರೂ ಆ ಸದ್ದು ಕೇಳುತ್ತಲೇ ಇತ್ತು.

ಸುಯ್... ಸುಯ್...

ಮನೆಗೆ ಬಂದವರೇ ಅವರು ಮಲಗಿಬಿಟ್ಟರು. ಮೈ ಕಾದು ಜ್ವರ ಬಂತು. ತಿಪ್ಪಜ್ಜಿ ದೃಷ್ಟಿಗೆಂದು ಇಳಿ ತೆಗೆದಳು, ಹೊಸದುರ್ಗದ ಡಾಕ್ಟರರು ಇಂಜೆಕ್ಷನ್ ಕೊಟ್ಟರು. ಸುತ್ತಲಿನ ಊರುಗಳಲ್ಲಿ ವಿಚಾರಿಸಿದೆವು. ಆ ಸಂಜೆ ಹೊಳೆಯಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಅವರ ಹಾಗೆ ಪುಕ್ಕದ ಗಾಳ ಬೀಸುವವರು ಆ ಸೀಮೆಯಲ್ಲಿ ಇನ್ನೊಬ್ಬರು ಇರಲೂ ಇಲ್ಲ.

ಜ್ವರ ಬಿಟ್ಟ ಮೇಲೆ ಒಂದು ಮಧ್ಯಾಹ್ನ, ಗಂಜಿ ಕುಡಿಯುತ್ತ ಕುಳಿತಿದ್ದರು. ನಾನೇ ಮೆಲ್ಲಗೆ ಕೇಳಿದೆ, ಪಕ್ಕದ ಬಂಡೆಯ ಮೇಲೆ ಇದ್ದದ್ದು ಯಾರು ಎಂದು.

ಅವರು ನನ್ನ ಮುಖವನ್ನೇ ನೋಡಿದರು. "ಪಕ್ಕದಾಗೆ ಯಾರಿದ್ರು? ನಾನೊಬ್ನೇ ಇದ್ದೆ," ಎಂದರು. ಒಂದು ಗುಟುಕು ಗಂಜಿ ಕುಡಿದು, "ನೀನೇ ಇಬ್ರು ಇದ್ದೆ," ಎಂದರು.



ಅವರು ಗಂಜಿಯ ಲೋಟ ಕೆಳಗಿಟ್ಟು, ಗೋಡೆ ನೋಡುತ್ತ ಹೇಳಿದರು. ಹೊಂಗೆ ಮರದ ಹತ್ತಿರ ಒಬ್ಬಳು, ಚಪ್ಪಡಿಯ ಹತ್ತಿರ ಒಬ್ಬಳು. ಅದೇ ಸೀರೆ. ಇಬ್ಬರ ಕೈಯಲ್ಲೂ ಹಗ್ಗ. ಇಬ್ಬರೂ "ರೀ" ಎಂದು ಕರೆಯುತ್ತಿದ್ದರು. ಆಮೇಲೆ ಹೊಂಗೆ ಮರದವಳು ಹೆಸರು ಹಿಡಿದು ಕೂಗಿದಳು.

"ಜೀವ ಹೋದ್ರೂ ನೀನು ನನ್ನ ಹೆಸ್ರು ಹೇಳಾಕಿಲ್ಲ. ನಂಗೊತ್ತಿಲ್ವಾ? ಹೆಸ್ರು ಕರೆದೋಳು ನೀನಲ್ಲ ಅಂತ ಆ ಕಡೆ ಹೆಜ್ಜೆ ಇಟ್ಟೆ ಕಣೇ."

"ಮತ್ತೆ ನನ್ ಕಡೆ ಯಾಕೆ ಬಂದ್ರಿ?" ಎಂದೆ.

"ಹೆಸ್ರು ಹೇಳ್ತಿದ್ದಂಗೆ ನೀನು ಬಾಯಿ ಮ್ಯಾಲೆ ಕೈ ಇಟ್ಕಂಡೆ. ತಪ್ಪು ಮಾಡಿದೋಳ ಹಂಗೆ. ಆಮೇಲೆ ಬಿಂದಿಗೆ ಎಸೆದೆ. ನೀನು ಮತ್ತೆ ಕೂಗಿದಾಗ ಅದು ತಲೆಗೆ ಹೊಳೀತು. ಅವಳು ಸುಮ್ಕೆ ನಗ್ತಾ ನಿಂತಿದ್ಲು."

ನಾನು ಬಾಯಿ ಮುಚ್ಚಿಕೊಂಡದ್ದು ನನಗೇ ಗೊತ್ತಿರಲಿಲ್ಲ. ಮಾರವ್ವ ನನ್ನ ಕೈಯನ್ನು ಹಾಗೆ ಎತ್ತಿಸಿದಳು ಎಂದು ಇವತ್ತಿಗೂ ನಂಬಿದ್ದೇನೆ. ಅಷ್ಟು ಸಣ್ಣದೊಂದು ಕರುಣೆಯಲ್ಲಿ ನನ್ನ ಸಂಸಾರ ಉಳಿಯಿತು.

"ಆಮೇಲೆ ಅವಳು ಎಲ್ಲಿಗೆ ಹೋದ್ಲು?" ಎಂದು ಕೇಳಿದೆ.

"ನೀನು ನನ್ನ ಎಳ್ಕಂಡು ಓಡಿದ್ಯಲ್ಲ... ನಮ್ಮ ಹಿಂದೇನೇ ಬಂದ್ಲು. ಜಾಲಿ ಬೇಲಿ ದಾಟೋವಾಗ ನಿನ್ನ ಪಕ್ಕಕ್ಕೇ ಬಂದಿದ್ಲು. ಇಬ್ರೂ ಒಂದೇ ಥರ ಏದುಸಿರು ಬಿಡ್ತಿದ್ರಿ. ಊರ ದೀಪ ಕಂಡಾಗ ಒಬ್ಳೇ ಇದ್ದೆ."

 

ಆಮೇಲೆ ನಾವು ಹಿರಿಯೂರಿಗೆ ಮನೆ ಬದಲಾಯಿಸಿದೆವು. ಅವರು ಮತ್ತೆ ಗಾಳ ಮುಟ್ಟಲಿಲ್ಲ. ಮಗಳು ದೊಡ್ಡವಳಾದಳು. ಹೊತ್ತು ಹೊತ್ತಿಗೆ ಊಟ ಇದೆ, ನನ್ನ ಕೊರಳಲ್ಲಿ ತಾಳಿ ಇದೆ. ದೇವರು ನನಗೇನೂ ಕಡಿಮೆ ಮಾಡಿಲ್ಲ.

ಆದರೆ ಇವತ್ತಿಗೂ ಡ್ಯೂಟಿ ಮುಗಿಸಿ ಮನೆಗೆ ಬಂದವರು ತಟ್ಟನೆ ಒಳಗೆ ಬರುವುದಿಲ್ಲ. ಬಾಗಿಲಲ್ಲೇ ನಿಂತು, ಒಲೆಯ ಮುಂದಿರುವ ನನ್ನನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಏನು ನೋಡುತ್ತಿದ್ದೀರಿ ಎಂದರೆ ಏನಿಲ್ಲ ಎನ್ನುತ್ತಾರೆ.

ನಾನು ಅವರ ಕಡೆ ತಿರುಗಿದ ಮೇಲೆಯೇ ಚಪ್ಪಲಿ ಬಿಡುತ್ತಾರೆ. ಕೆಲವು ದಿನ... ತಿರುಗಿದ ಮೇಲೂ ಬಿಡುವುದಿಲ್ಲ.