ಬಾಯಿ ಕಪ್ಪಾದ ಚೂರು

ಧೂಳು ಒರೆಸುವಾಗ ನನ್ನ ಹೆಂಡತಿ ಮೇಜಿನ ಮೇಲಿರುವ ಮಡಕೆಯ ಚೂರನ್ನು ಎತ್ತಿ ಮತ್ತೆಲ್ಲೋ ಇಡುತ್ತಾಳೆ. ಅಷ್ಟಕ್ಕೇ ನಾನು ಗಾಬರಿಯಿಂದ ಕುರ್ಚಿ ಬಿಟ್ಟು ಏಳುತ್ತೇನೆ. ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ ಭಾರವಾಗಿ ಕೂರುವುದನ್ನು ಬಿಟ್ಟರೆ ಬೇರೆ ಘನಕಾರ್ಯವಿಲ್ಲದ, ಅಂಗೈಯಗಲದ ಈ ವಸ್ತುವಿಗೆ ಇಷ್ಟೊಂದು ಆತಂಕವೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿದ ಮೇಲೆ.

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಚರಿತ್ರೆಯ ಮೇಷ್ಟರಾಗಿದ್ದೆ. ಪರರ ಸಂಶೋಧನೆಗಳನ್ನು ಪಾಠ ಹೇಳಿ ಹೇಳಿ, ನನ್ನದೂ ಒಂದು ಇರಬಾರದೇ ಎಂಬ ಹಂಬಲ ಬೆಳೆದಿತ್ತು. ಒಂದು ಭಾನುವಾರ ಟಿ. ನರಸೀಪುರದ ಸಂಗಮ ನೋಡಿಕೊಂಡು ಗದ್ದೆಬಯಲಿನಲ್ಲಿ ಅಡ್ಡಾಡುವಾಗ ಈ ಚೂರು ಕಾಲಿಗೆ ತಾಕಿತು: ಹೊರಮೈ ಕೆಂಪು, ಒಳಮೈಯೂ ಅಂಚೂ ಕಪ್ಪು. ಜೇಬಿಗಿಳಿಸಿ ಬಸ್ಸು ಹಿಡಿದೆ. ಕೆಲವು ದಿನಗಳ ಮೇಲೆ ಗ್ರಂಥಾಲಯದ ಚಿತ್ರಪುಸ್ತಕವೊಂದರಲ್ಲಿ ಪ್ರಾಚೀನ ನೂಬಿಯಾದ, ಅಂದರೆ ಈಜಿಪ್ಟಿನ ದಕ್ಷಿಣಕ್ಕೆ ನೈಲ್ ನದಿಯ ದಂಡೆಯಲ್ಲಿದ್ದ ನಾಡಿನ, ಮಡಕೆಗಳು ಕಂಡವು. ಅವಕ್ಕೂ ಕೆಂಪು ಮೈ, ಕಪ್ಪು ಬಾಯಿ. ನೈಲ್ ತೀರದ ಕುಂಬಾರ ಕಪಿಲೆಯ ದಡಕ್ಕೆ ಬಂದಿದ್ದನೆಂದು ಆ ಕ್ಷಣವೇ ತೀರ್ಮಾನಿಸಿ, ಹನ್ನೆರಡು ಪುಟಗಳ ಪ್ರಬಂಧ ಬರೆದು, ಮೈಸೂರಿನ ವಿಚಾರ ಸಂಕಿರಣವೊಂದಕ್ಕೆ ಕಳಿಸಿಯೂ ಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಒಪ್ಪಿಗೆಯ ಪತ್ರ ಬಂದ ದಿನದಿಂದ ಅನ್ನ ಸೇರಲಿಲ್ಲ. ಅದೇ ಪುಸ್ತಕದ ಕೊನೆಯಲ್ಲಿ, ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ನೂಬಿಯಾದ ದೇವಾಲಯಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಅದರ ಸ್ಥಾನದ ಗುರುತು ಹಾಕಿ, ಎತ್ತರದಲ್ಲಿ ಮತ್ತೆ ಜೋಡಿಸಿದ ವೃತ್ತಾಂತವಿತ್ತು. ಅವರು ಅಷ್ಟು ದೊಡ್ಡ ಗುಡಿಯ ಕಲ್ಲುಗಳ ನೆಲೆಯನ್ನು ಮರೆಯಲಿಲ್ಲ. ನಾನೋ, ಇದ್ದ ಒಂದೇ ಚೂರು ಯಾವ ಗದ್ದೆಯದೆಂದು ಬರೆದಿಟ್ಟಿರಲಿಲ್ಲ. ಸಿಕ್ಕಿದ ಜಾಗ ತಿಳಿಯದ ವಸ್ತು ಪುರಾತತ್ತ್ವದಲ್ಲಿ ಅನಾಥ. ತುಂಬಿದ ಸಭೆಯಲ್ಲಿ ಯಾರಾದರೂ ಅದನ್ನೇ ಕೇಳಿದರೆ ಇಷ್ಟು ವರ್ಷದ ಮೇಷ್ಟರಿಕೆಯ ಮಾನ ಹೋಗುತ್ತದೆಂದು ನನಗೆ ನಿಜವಾಗಿ ಭಯವಾಯಿತು.

ಸಂಕಿರಣಕ್ಕೆ ಎರಡು ದಿನವಿರುವಾಗ ಮತ್ತೆ ನರಸೀಪುರಕ್ಕೆ ಓಡಿದೆ. ನಾಟಿಗೆಂದು ನೀರು ಕಟ್ಟಿದ್ದ ಗದ್ದೆಗಳೆಲ್ಲ ಒಂದೇ ಥರ ಕಂಡವು. ಸೋತು, ಮಡಕೆ ಮಾಡುವ ಸಿದ್ದಮ್ಮ ಎಂಬ ಮುದುಕಿಯ ಅಂಗಳದಲ್ಲಿ ನೀರು ಕೇಳಿ ಕುಡಿದು, ಚೂರು ತೋರಿಸಿ, ಈ ಕಪ್ಪು ಬಾಯಿ ದೂರದೇಶದ ಕೈಚಳಕವೆಂದು ಅವರಿಗೂ ಒಂದು ಉಪನ್ಯಾಸ ಕೊಟ್ಟೆ.

"ಬೋರಲಾಗಿ ಮಡಗಿ, ಬಾಯ್ನ ಬೂದೀಲಿ ಊತು ಸುಟ್ರೆ ಕಪ್ಗಾಯ್ತದೆ ಕಣ್ ಸಾ. ಬೆಂಕಿ ಎಲ್ಲೋದ್ರೂ ಅಷ್ಟೆಯ," ಎಂದರು ಸಿದ್ದಮ್ಮ. ಆಮೇಲೆ ಚೂರನ್ನು ಉಗುರಿನಿಂದ ತಟ್ಟಿ ನೋಡಿ, "ನಮ್ದಲ್ಲ ಇದು, ಭಾಳ ಅಳೇದು. ಯಾವ್ ಜಾಗ್ದಲ್ಲಿ ಸಿಕ್ತು?"

ಪಂಡಿತರು ಕೇಳಿಯಾರೆಂದು ನಾನು ಹೆದರಿದ್ದ ಪ್ರಶ್ನೆಯೇ ಅದು. ಗೊತ್ತಿಲ್ಲ ಎಂದೆ. "ಎತ್ಕಳಕ್ ಮುಂಚೆ ಒಂದ್ ಗುರ್ತು ಮಾಡ್ಕಬಾರ್ದಾ ಸಾ," ಎಂದು ಅವರು ಕನಿಕರದಿಂದ ಚೂರನ್ನು ನನ್ನ ಅಂಗೈಗೆ ಮರಳಿಸಿದರು.

ಸಂಕಿರಣದಲ್ಲಿ ನಾನು ಆ ಪುಟಗಳನ್ನು ಓದಲಿಲ್ಲ. ಚೂರನ್ನು ಎತ್ತಿ ಹಿಡಿದು, ಇದು ಎಲ್ಲಿ ಸಿಕ್ಕಿತೆಂದು ನನಗೆ ಗೊತ್ತಿಲ್ಲ, ಎರಡು ನದಿಗಳ ದಡದಲ್ಲಿ ಬೆಂಕಿ ಒಂದೇ ಕೆಲಸ ಮಾಡಿದೆ ಎಂಬುದಷ್ಟೇ ಗೊತ್ತು ಎಂದು ಹೇಳಿ ಕೂತೆ. ನಕ್ಕವರು ನಕ್ಕರು. ಮಧ್ಯಾಹ್ನ ಮಾತ್ರ ಬಹಳ ದಿನಗಳ ಮೇಲೆ ಹಸಿವಾಗಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಈಗ ಆ ಹನ್ನೆರಡು ಪುಟಗಳ ಮೇಲೆಯೇ ಚೂರು ಕೂತಿದೆ. ಆತಂಕ ಪೂರ್ತಿ ಹೋಗಿಲ್ಲ: ನನ್ನ ಕಾಲಾನಂತರ ಯಾರೋ ಇವೆರಡನ್ನೂ ಒಟ್ಟಿಗೆ ಕಂಡು, ನೂಬಿಯಾದವರು ನಂಜನಗೂಡಿನ ಈ ಮನೆಯಲ್ಲೇ ಸಂಸಾರ ಹೂಡಿದ್ದರೆಂದು ಬರೆದಾರು. ಮೊನ್ನೆ ಇದನ್ನು ಹೆಂಡತಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಧೂಳು ಒರೆಸಲು ಬಂದವಳು ನನ್ನ ಪೆನ್ಸಿಲು ತೆಗೆದುಕೊಂಡು, ಮೇಲಿನ ಪುಟದಲ್ಲಿ ಚೂರಿನ ಸುತ್ತ ಒಂದು ಗೆರೆ ಎಳೆದು, ಆಮೇಲೆ ಅದನ್ನು ಎತ್ತಿದಳು.