ಚಿಕ್ಕಪ್ಪನ ಕತ್ತರಿ ಮತ್ತು ಬಾಗಿಲಿನ ಅಜೇಲಿಯಾ

ನನ್ನ ಚಿಕ್ಕಪ್ಪನಿಗೆ ಕೈಯಲ್ಲಿ ಕತ್ತರಿ ಇದ್ದರೆ ಸುಮ್ಮನಿರಲು ಬರುವುದಿಲ್ಲ. ಮೂವತ್ತೆರಡು ವರ್ಷದಿಂದ ಕಟಿಂಗ್ ಶಾಪ್ ನಡೆಸುತ್ತಿರುವ ಮನುಷ್ಯ. ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನವರ ಕುತ್ತಿಗೆಯ ಕೂದಲನ್ನೇ ನೋಡುತ್ತಾನೆ. ಅಂಥವನ ಅಂಗಡಿ ಬಾಗಿಲಲ್ಲಿ ಒಂದು ಅಜೇಲಿಯಾ ಹೂವಿನ ಗಿಡ. ಗಿಡ ಅನ್ನುವುದಕ್ಕಿಂತ ಹಸಿರು ಚೆಂಡು ಅನ್ನಿ. ಪ್ರತಿ ಸೋಮವಾರ ಅದಕ್ಕೂ ಕಟಿಂಗ್.

ಗಿಡ ತಂದು ನೆಟ್ಟವಳು ಚಿಕ್ಕಮ್ಮ. ಅಂಗಡಿಗೆ ಬಣ್ಣ ಬಳಿಸುವಾಗ ಇಬ್ಬರಿಗೂ ಜಗಳ. ಅವಳು ಕಿತ್ತಳೆ ಬಣ್ಣ ಅಂದಳು. ಇವನು "ಗಿರಾಕಿಗಳು ಹೆದರಿ ಓಡ್ತಾರೆ" ಎಂದು ತಿಳಿನೀಲಿ ಬಳಿಸಿಬಿಟ್ಟ. ಎರಡು ದಿನ ಮಾತಿಲ್ಲ, ಕತೆಯಿಲ್ಲ. ಮೂರನೆಯ ದಿನ ಅವಳು ಮೊಣಕಾಲೆತ್ತರದ ಈ ಗಿಡದೊಂದಿಗೆ ಬಂದಳು. ಹೂವು ಯಾವ ಬಣ್ಣ ಎಂದು ಇವನು ಕೇಳಿದರೆ, "ಅರಳಿದಾಗ ನೋಡ್ಕೊಳ್ಳಿ, ಏನವಸರ?" ಎಂದು ನಕ್ಕಳಂತೆ. ಅರಳುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು.

ಆಮೇಲೆ ನಾಲ್ಕು ವರ್ಷ ಒಂದು ಹೂವೂ ಇಲ್ಲ. ಚಿಕ್ಕಪ್ಪ ಗೊಬ್ಬರ ಹಾಕಿದ, ಬೈದ, ಮುದ್ದು ಮಾಡಿದ. "ಬಣ್ಣ ಒಂದು ಗೊತ್ತಾದ್ರೆ ಸಾಕು ಕಣೇ, ಇನ್ನೇನೂ ಬೇಡ" ಎಂದು ನನ್ನೆದುರು ಅನ್ನುತ್ತಿದ್ದ. ನನಗೋ ಕುತೂಹಲ ತಡೆಯದು. ಎಲೆಗೆ ರೋಗವಿಲ್ಲ, ಬೇರಿಗೆ ಹುಳವಿಲ್ಲ. ಮತ್ತೇನು ದಾಡಿ ಇದಕ್ಕೆ?

ಚಳಿ ಶುರುವಾದ ಒಂದು ಸೋಮವಾರ ಗಿಡ ಮಾರುವ ನರ್ಸರಿಯವರೊಬ್ಬರು ಶೇವಿಂಗಿಗೆ ಬಂದರು. ಚಿಕ್ಕಪ್ಪ ಕತ್ತರಿಸಿ ಗುಡಿಸುತ್ತಿದ್ದ ಕಡ್ಡಿಗಳಲ್ಲಿ ಒಂದನ್ನೆತ್ತಿ, "ಸ್ವಲ್ಪ ಬ್ಲೇಡ್ ಕೊಡಿ" ಅಂದರು. ತುದಿಯ ದಪ್ಪ ಮೊಗ್ಗನ್ನು ಉದ್ದಕ್ಕೆ ಸೀಳಿದರು. ನಾನು ಮೂಗು ತೂರಿಸಿದೆ. ಅಯ್ಯೋ, ಒಳಗೆ ಮಡಚಿಟ್ಟ ಪುಟಾಣಿ ಎಸಳುಗಳು! ಬಣ್ಣ ಮಾತ್ರ ಇನ್ನೂ ಕೂಡಿರಲಿಲ್ಲ, ಎಲ್ಲ ಪೇಲವ ಹಸಿರು.

"ಚಳಿ ಕಳೆದ ಮೇಲೆ ಅರಳಬೇಕಾದ ಹೂವು ಇದು. ತಿಂಗಳುಗಟ್ಟಲೆ ಮೊದಲೇ ತುದೀಲಿ ಬಂದು ಕೂತಿರುತ್ತೆ. ಹೂ ಉದುರಿದ ಮೂರ್ನಾಲ್ಕು ವಾರದೊಳಗೆ ಸವರಿಬಿಡಬೇಕು, ಆಮೇಲೆ ಮುಟ್ಟಬಾರದು. ನೀವು ವಾರವಾರ ಮೊಗ್ಗನ್ನೇ ತೆಗೀತಿದ್ದೀರಲ್ಲ!"

"ಎಲ್ಲ ಜಾತಿಗೂ ಹೀಗೇನಾ?" ಅಂದೆ.

"ಮೊಗ್ಗು ಕಟ್ಟೋದು ಹೆಚ್ಚುಕಮ್ಮಿ ಹೀಗೇ ಕಣಮ್ಮ. ಅರಳೋ ಹೊತ್ತು ಮಾತ್ರ ಬೇರೆಬೇರೆ. ಕೆಲವು ಚಳಿ ಮುಗೀತಿದ್ದ ಹಾಗೇ, ಕೆಲವು ಬಿಸಿಲೇರಿದ ಮೇಲೆ. ನಿಮ್ಮದು ಯಾವುದೋ, ಬಿಟ್ಟು ನೋಡಬೇಕು."

ಚಿಕ್ಕಪ್ಪ ಗಿರಾಕಿಯ ಕುರ್ಚಿಯಲ್ಲಿ ತಾನೇ ಕುಸಿದು ಕೂತ. "ನಾಲ್ಕು ವರ್ಷ ನಾನೇ ಗುಡಿಸಿ ಬಿಸಾಕಿದ್ನಾ?" ನನಗೆ ಅವನ ಮುಖ ನೋಡಲಾಗಲಿಲ್ಲ.

ಆ ವರ್ಷದ ಹೂವಂತೂ ಹೋಗಿತ್ತು. ಇನ್ನೊಂದು ಚಳಿ ಕಳೆಯಬೇಕು. ಗಿಡ ಸವರುವ ದೊಡ್ಡ ಕತ್ತರಿಯನ್ನು ನಾನು ನಮ್ಮ ಮನೆಗೆ ಒಯ್ದೆ. ಸೋಮವಾರ ಬಂದರೆ ಚಿಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು ಗಿಡವನ್ನು ಸುತ್ತುತ್ತಿದ್ದ. ಅದು ಮೈಮೇಲೆ ಎಚ್ಚರವಿಲ್ಲದೆ ಬೆಳೆಯಿತು. "ಏನ್ರೀ, ಬಾಗಿಲಲ್ಲಿ ಕಾಯ್ತಿರೋರಿಗೆ ಮೊದ್ಲು ಕಟಿಂಗ್ ಮಾಡಿ" ಎಂದು ಗಿರಾಕಿಗಳು ಕಾಲೆಳೆದರು. "ನಿಮ್ಮ ತಲೆ ನೀವು ನೋಡ್ಕೊಳ್ಳಿ" ಎಂದು ಇವನು ಸಿಡುಕಿದ. ಮಳೆ ಮುಗಿಯುವ ಹೊತ್ತಿಗೆ ನಾನು ತುದಿಗಳನ್ನು ಬೆರಳಲ್ಲಿ ಮುಟ್ಟಿ ನೋಡುವುದನ್ನು ಕಲಿತೆ: ಸಣ್ಣಗೆ ಚೂಪಾಗಿದ್ದರೆ ಎಲೆ, ದುಂಡಗಿದ್ದರೆ ಹೂವು. ದುಂಡಗಿನವು ಅರವತ್ತೊಂದು ಸಿಕ್ಕವು.

ಚಳಿ ಕಳೆಯಿತು. ಬ್ಯಾಂಕಿನೆದುರಿನ ಅಜೇಲಿಯಾ ಅರಳಿ ಉದುರಿಯೂ ಆಯಿತು, ನಮ್ಮದು ಜಪ್ಪಯ್ಯ ಅಂದರೂ ಅರಳಲಿಲ್ಲ. ನಾನೇನಾದರೂ ಮುಟ್ಟಿಮುಟ್ಟಿ ಕೆಡಿಸಿದೆನೇ?

ಬಿಸಿಲೇರಿದ ಒಂದು ಬೆಳಿಗ್ಗೆ ಬಾಗಿಲಿಂದಲೇ ಕೂಗಿದೆ. ಚಿಕ್ಕಪ್ಪ ಒಬ್ಬರ ಕೆನ್ನೆಯ ನೊರೆ ಅರ್ಧಕ್ಕೇ ಬಿಟ್ಟು ಓಡಿ ಬಂದ. ಒಂದೇ ಒಂದು ಹೂವು. ಕಿತ್ತಳೆ ಬಣ್ಣ.

ಅವನು ಹೂವನ್ನು ನೋಡಿದ, ತನ್ನ ತಿಳಿನೀಲಿ ಗೋಡೆಯನ್ನು ನೋಡಿದ. "ಗೆದ್ಲಲ್ಲೇ ನಿನ್ನ ಚಿಕ್ಕಮ್ಮ!" ಎಂದು ಜೋರಾಗಿ ನಕ್ಕ. ನಗುನಗುತ್ತಲೇ ಅತ್ತ. ನಾನೂ ಅತ್ತೆ.

ಅರವತ್ತೊಂದೂ ಅರಳಿ ಉದುರಿದ ಮೇಲೆ ದೊಡ್ಡ ಕತ್ತರಿಯನ್ನು ತಂದು ಅವನ ಕೈಗಿಟ್ಟೆ. "ಈಗ ಸವರಬಹುದು ಚಿಕ್ಕಪ್ಪ, ಮೂರು ವಾರ ಟೈಮಿದೆ."

"ಹಾಗಾದ್ರೆ ಅವಸರ ಇಲ್ಲ," ಅಂದ. "ಮೊದ್ಲು ಪೇಂಟರ್‌ಗೆ ಫೋನ್ ಮಾಡು."